ಕೆನಡಾನಾ, ಆಸ್ಟ್ರೇಲಿಯಾನಾ? ಪ್ರಮಾಣವಚನವನ್ನೂ ಓದಿ ನೋಡಿ

ಯಾವ ದೇಶದ ಪೌರತ್ವ ಅಂತ ಯೋಚಿಸುವವರು ಸಂಬಳ, ಚಳಿ, ಮನೆ ಬೆಲೆ ಎಲ್ಲಾ ಹೋಲಿಸುತ್ತಾರೆ. ಕೊನೆಗೆ ಬಾಯಿಬಿಟ್ಟು ಹೇಳಬೇಕಾದ ಮಾತನ್ನೂ ಹೋಲಿಸಿ.

ಕೆನಡಾದ ಪ್ರಮಾಣ 2021ರ ಜೂನ್‌ನಲ್ಲಿ ಬದಲಾಯಿತು. ಬ್ರಿಟನ್ನಿನ ರಾಜನೇ ಕೆನಡಾಕ್ಕೂ ರಾಜ; ಅವರಿಗೂ ಅವರ ವಾರಸುದಾರರಿಗೂ ನಿಷ್ಠೆ ಮೊದಲಿನಂತೆಯೇ ಇದೆ. ಜೊತೆಗೆ, ಅಲ್ಲಿನ ಮೂಲನಿವಾಸಿಗಳಾದ ಫಸ್ಟ್ ನೇಷನ್ಸ್, ಇನ್ಯೂಯಿಟ್, ಮೆಟಿ ಜನರ ಮೂಲನಿವಾಸಿ ಹಕ್ಕು ಮತ್ತು ಒಪ್ಪಂದದ ಹಕ್ಕುಗಳನ್ನು ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆ ಎನ್ನಬೇಕು. ಇದು ಸುಮ್ನೆ ಅಲಂಕಾರಕ್ಕಲ್ಲ. 1982ರ ಸಂವಿಧಾನ ಕಾಯ್ದೆಯ 35ನೇ ಸೆಕ್ಷನ್ ಆ ಹಕ್ಕುಗಳನ್ನು ಕಾಯುತ್ತದೆ. ಟೊರಾಂಟೊ ಹತ್ತಿರದ, ಭಾರತೀಯರು ಜಾಸ್ತಿ ಇರುವ ಬ್ರಾಂಪ್ಟನ್ ಊರನ್ನೇ ತಗೊಳ್ಳಿ. 1818ರಲ್ಲಿ ಮಿಸ್ಸಿಸಾಗ ಎಂಬ ಮೂಲನಿವಾಸಿ ಜನ ಬ್ರಿಟಿಷರ ಜೊತೆ ಮಾಡಿಕೊಂಡ ಒಪ್ಪಂದದ ನೆಲ ಅದು. ಅಲ್ಲಿ ಮನೆ ಕೊಂಡ ನಾವೂ ಆ ಒಪ್ಪಂದಕ್ಕೆ ಸೇರಿದವರೇ ಅಲ್ವಾ?

ಆಸ್ಟ್ರೇಲಿಯಾದ ಪ್ರತಿಜ್ಞೆ ಚಿಕ್ಕದು. ದೇಶ, ಜನ, ಪ್ರಜಾಪ್ರಭುತ್ವ, ಹಕ್ಕು, ಕಾನೂನು, ಅಷ್ಟೇ. ದೇವರ ಹೆಸರು ಬೇಕಾದರೆ ಸೇರಿಸಬಹುದು. ರಾಜನ ಹೆಸರಿಲ್ಲ, ಮೂಲನಿವಾಸಿಗಳ ಮಾತೂ ಇಲ್ಲ. ಬ್ರಿಟಿಷ್ ಸರ್ಕಾರ ಅಲ್ಲಿ ಒಪ್ಪಂದವನ್ನೇ ಮಾಡಿಕೊಳ್ಳದೆ ನೆಲ ಹಿಡಿಯಿತು. ಆ ನೆಲದ ಮೇಲೆ ಮೂಲನಿವಾಸಿಗಳಿಗಿರುವ ಹಕ್ಕನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಒಪ್ಪಿದ್ದು 1992ರ ಮಾಬೋ ತೀರ್ಪಿನಲ್ಲಿ.

ರಾಜನಿಗೆ ನಿಷ್ಠೆ ಹೇಳಲು ಮನಸ್ಸು ಒಪ್ಪದಿದ್ದರೆ ಆಸ್ಟ್ರೇಲಿಯಾದ್ದು ಹಗುರ. ನನಗಂತೂ ಕೆನಡಾದ್ದೇ ಮೇಲು. ಮೊದಲಿನಿಂದ ಇದ್ದವರ ಹಕ್ಕನ್ನು ಹೊಸಬರ ಬಾಯಲ್ಲೇ ಹೇಳಿಸುತ್ತದೆ. ಯಾವುದನ್ನು ಆರಿಸಿದರೂ ಭಾರತದ ಪೌರತ್ವ ಬಿಡಲೇಬೇಕು, ಅದು ನೆನಪಿರಲಿ.