ಜೀಪ್ ಆಯಿಲ್ ಚೇಂಬರಿಗೆ ಸಿಲಿಕಾನ್ ಪೇಸ್ಟ್: ಕೆಲವು ಮಳೆಗಾಲ ಓಡಿಸಿದ ಮೇಲೆ

ತೀರ್ಥಹಳ್ಳಿ ಕಡೆ ಹಳೇ ಡೀಸೆಲ್ ಜೀಪ್ ಇಟ್ಕೊಂಡೋರು ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿದಾಗ ಆರ್‌ಟಿವಿ ಸಿಲಿಕಾನ್ ಪೇಸ್ಟೇ (ಲೀಕ್ ಆಗದಂಗೆ ಅಂಚಿಗೆ ಹಚ್ಚೋ, ಆಮೇಲೆ ರಬ್ಬರಂಗೆ ಗಟ್ಟಿಯಾಗೋ ಅಂಟು) ಹಾಕಿಸಿ ಅಂತ ಧೈರ್ಯವಾಗಿ ಹೇಳ್ತೀನಿ. ಆಗುಂಬೆ ಘಾಟಿ ಹತ್ತಿಳಿದು, ತೋಟದ ಕಲ್ಲು ರಸ್ತೇಲಿ ಅಡಿಕೆ ಮೂಟೆ ಹೊತ್ತು ಓಡಿದ ಗಾಡಿ, ಇವತ್ತಿಗೂ ಚೇಂಬರ್ ಅಂಚಿಗೆ ಬೆರಳು ಸವರಿದ್ರೆ ಬರೀ ಧೂಳು, ಜಿಡ್ಡಿಲ್ಲ.

ಮುಂಚೆ ಕಾರ್ಕ್ ಪ್ಯಾಕಿಂಗ್ ಇತ್ತು. ಕಾರ್ಕ್ ತೇವಕ್ಕೆ ಹಿಗ್ಗುತ್ತೆ ಒಣಗಿದ್ರೆ ಕುಗ್ಗುತ್ತೆ, ಬಿಸಿಗೆ ಅಮುಕಿ ಬೋಲ್ಟ್ ಸಡಿಲ ಆಗುತ್ತೆ, ಜಿನುಗ್ತಿದೆ ಅಂತ ಇನ್ನೂ ಬಿಗಿ ಮಾಡಿದ್ರೆ ಬಿರಿದು ಹೊರಗೇ ಬರುತ್ತೆ.

ಆದ್ರೆ ಪೇಸ್ಟ್ ಎಷ್ಟು ಒಳ್ಳೇದಿದ್ರೂ ಚೇಂಬರ್ ಅಂಚು ಮಟ್ಟಸ ಇಲ್ದಿದ್ರೆ ಲೀಕ್ ನಿಲ್ಲಲ್ಲ ಮಾರಾಯ್ರೆ. ತಗಡಿನ ಚೇಂಬರಲ್ಲಿ ಬೋಲ್ಟ್ ಎಳೆತಕ್ಕೆ ತೂತಿನ ಸುತ್ತ ಉಬ್ಬಿರುತ್ತೆ, ದಪ್ಪ ಗ್ಲಾಸ್ ಮೇಲೆ ಕವುಚಿ ಹಾಕಿ ನೋಡಿ, ತೂತಿನ ಹತ್ರ ತಾಗಿ ಮಧ್ಯದಲ್ಲಿ ಸಂದು ಕಾಣುತ್ತೆ. ನಮ್ ಮೇಸ್ತ್ರಿ ಮರದ ತುಂಡಿಗೆ ಕೊಟ್ಟು ಸಣ್ಣ ಸುತ್ತಿಗೇಲಿ ಒಂದೊಂದೇ ತೂತು ತಟ್ಟಿ ಕೂರಿಸಿದ್ರು, ಅರ್ಧ ಕೆಲಸ ಅಲ್ಲೇ ಆಯ್ತು. ಆಮೇಲೆ ಮೇಲಿನ ಇಂಜಿನ್ ಬ್ಲಾಕ್ ಕಡೆಯಿಂದ ಆಯಿಲ್ ತೊಟ್ಟಿಕ್ಕೋದು ಪೂರ್ತಿ ನಿಲ್ಲೋವರೆಗೆ ರಾತ್ರಿಯಿಡೀ ಹಾಗೇ ಬಿಟ್ಟು, ಪೇಸ್ಟ್ ಹಾಕೋ ಮುಂಚೆ ಎರಡೂ ಕಡೆ ಥಿನ್ನರಲ್ಲಿ ಒರೆಸಿದ್ರು, ಒಂದು ತೊಟ್ಟು ಜಿಡ್ಡಿದ್ರೂ ಸಿಲಿಕಾನ್ ಹಿಡಿಯಲ್ಲ.

3 ಎಂಎಂ ದಪ್ಪದ ಎಳೆ ಸಾಕು, ತೂತುಗಳ ಒಳಬದಿಗೆ ಎಲ್ಲೂ ಕಡೀದಂಗೆ ಸುತ್ತಿ ಬರ್ಬೇಕು, ಇಂಜಿನ್ ಮುಂದಿನ ಕವರ್ ಸೇರೋ ಮೂಲೇಲಿ ಒಂಚೂರು ಜಾಸ್ತಿ. ಎಲ್ಲಾ ಕಡೆ ಮೆತ್ತಿದ್ರೆ ಒಳಗೆ ಹಿಂಡಿದ್ದು ಕಿತ್ತು ಆಯಿಲ್ ಪಂಪ್ ಜಾಲರಿಗೆ ಸಿಕ್ಕುತ್ತೆ, ಅದು ಇಂಜಿನ್ನಿಗೇ ಕುತ್ತು. ಬೋಲ್ಟ್ ಮಧ್ಯದಿಂದ ಶುರುಮಾಡಿ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಬಿಗೀಬೇಕು, ಸಣ್ಣ ಬೋಲ್ಟಿಗೆ ಉದ್ದ ಹಿಡಿಕೆ ಹಾಕಿ ಎಳೀಬೇಡಿ. 24 ಗಂಟೆ ಬಿಟ್ಟೇ ಆಯಿಲ್ ಹಾಕಿ.

ನಮ್ ಕಡೆ ಮಳೇಲಿ ಇದು ಗಟ್ಟಿ ಆಗುತ್ತಾ ಅಂತ ಸುಮಾರು ಜನ ಕೇಳ್ತಾರೆ. ಆಗುತ್ತೆ, ಗಾಳಿಯ ತೇವದಿಂದಲೇ ಇದು ಗಟ್ಟಿಯಾಗೋದು. ಆದ್ರೆ ಅದೇ ಕಾರಣಕ್ಕೆ ಒಮ್ಮೆ ಓಪನ್ ಮಾಡಿದ ಟ್ಯೂಬ್ ಮಲ್ನಾಡಲ್ಲಿ ಇಟ್ಕೊಳ್ಳೋಕಾಗಲ್ಲ, ಮೂತಿಯಿಂದ ಒಳಗಿನವರೆಗೂ ರಬ್ಬರ್ ಆಗಿರುತ್ತೆ, ಸಣ್ಣ ಟ್ಯೂಬೇ ತಗೊಳ್ಳಿ. ಇನ್ನೊಂದು ಕಷ್ಟ, ಮುಂದೆ ಚೇಂಬರ್ ಬಿಚ್ಚೋದು. ಸ್ಕ್ರೂಡ್ರೈವರ್ ತೂರಿಸಿ ಮೀಟಿದ್ರೆ ಅಂಚು ಸೊಟ್ಟಗಾಗುತ್ತೆ, ತೆಳು ಪಟ್ಟಿ ಬ್ಲೇಡಲ್ಲಿ ಸುತ್ತ ಕೊಯ್ದು ಬಿಡಿಸ್ಬೇಕು.

ಇಷ್ಟಾದ್ಮೇಲೂ ಕೆಳಗೆ ಆಯಿಲ್ ಕಂಡ್ರೆ ಚೇಂಬರ್ ಬಿಚ್ಚೋ ಮುಂಚೆ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಮತ್ತೆ ಬ್ರೀದರ್ ಪೈಪ್ (ಇಂಜಿನ್ ಒಳಗಿನ ಗಾಳಿ ಹೊರಬಿಡೋ ಕೊಳವೆ) ನೋಡಿ, ಮೇಲಿಂದ ಇಳಿದಿದ್ದೂ ಕೊನೆಗೆ ಚೇಂಬರ್ ಅಂಚಲ್ಲೇ ನಿಲ್ಲುತ್ತೆ.