ಏಳು ಪಂದ್ಯ ನೋಡಿ ಆರಿಸೋದಾ, ಇಡೀ ಸೀಸನ್ ನೋಡಿಯಾ?

ಬೆಳಗಾವಿಯಲ್ಲಿ ಐಸ್ ಹಾಕಿ ಅಂದರೆ ಜನ ನಗುತ್ತಾರೆ. ಆದರೂ ನಾವು ನಾಲ್ಕು ಗೆಳೆಯರು ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುತ್ತೇವೆ. ಹೊಸದಾಗಿ ಸೇರುವವರ ಮೊದಲ ಪ್ರಶ್ನೆ ಒಂದೇ: ಡ್ರಾಫ್ಟ್ (ಅಮೆರಿಕ-ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋದು) ಹುಡುಗರನ್ನು ಅಳೆಯಲು ವಿಶ್ವ ಜೂನಿಯರ್ ಟೂರ್ನಿ, ಅಂದರೆ 20 ವರ್ಷದೊಳಗಿನವರ ವಿಶ್ವ ಟೂರ್ನಿ, ಸಾಕಾ?

2023ರದ್ದನ್ನೇ ತಗೊಳ್ಳಿ. ಕೆನಡಾದ ಕಾನರ್ ಬೆಡಾರ್ಡ್ 7 ಪಂದ್ಯದಲ್ಲಿ 23 ಪಾಯಿಂಟ್ (ತಾನು ಹೊಡೆದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಗಳಿಸಿದ. ಕ್ವಾರ್ಟರ್ ಫೈನಲ್ ಓವರ್‌ಟೈಮಿನಲ್ಲಿ ಸ್ಲೊವಾಕಿಯಾ ಹುಡುಗರ ನಡುವೆ ನುಸುಳಿ, ಗೋಲಿಯನ್ನೂ (ಗೋಲ್‌ಕೀಪರ್) ಯಾಮಾರಿಸಿ ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಒಳಗೆ ತಳ್ಳಿದ. ನನ್ನ ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು.

ಅದೇ ತಂಡದ ಆ್ಯಡಮ್ ಫ್ಯಾಂಟಿಲಿಗೆ ಬರೀ 5. ಸುಮ್ನೆ ಅಂಕಿ ನೋಡಿದರೆ ಕೈಬಿಡುತ್ತೀರಿ, ಅಲ್ವಾ? ಆದರೆ ಅವನಿಗೆ ಆಡಲು ಸಿಕ್ಕ ಸಮಯವೇ ಕಡಿಮೆ. ಮಿಶಿಗನ್ ವಿಶ್ವವಿದ್ಯಾಲಯದ ಪರ ಅದೇ ಸೀಸನ್‌ನಲ್ಲಿ 36 ಪಂದ್ಯಕ್ಕೆ 65 ಪಾಯಿಂಟ್! ಡ್ರಾಫ್ಟಿನಲ್ಲಿ ಬೆಡಾರ್ಡ್ ಮೊದಲನೆಯವನಾದ, ಇವನು ಮೂರನೆಯವನು.

ಜಾತ್ರೆ ಕುಸ್ತಿಯಲ್ಲಿ ಒಮ್ಮೆ ಚಿತ್ ಆದ ಹುಡುಗನನ್ನು ನಮ್ಮ ಉಸ್ತಾದರು ಗರಡಿಯಿಂದ ಓಡಿಸುತ್ತಾರಾ? ನಾನಂತೂ ಸೀಸನ್‌ಗೇ ಜಾಸ್ತಿ ತೂಕ ಕೊಡುತ್ತೇನೆ. ಟೂರ್ನಿಯಲ್ಲಿ ನೋಡುವುದು ಒಂದೇ: ತನಗಿಂತ ದೊಡ್ಡವರು ಮೈಮೇಲೆ ಬಿದ್ದಾಗ ಪಕ್ ಬಿಡುತ್ತಾನಾ, ಇಲ್ಲವಾ.

ಗೋಲಿಗಳ ವಿಷಯ ಬೇರೆ. ಅವರು ಮಾಗಲು ವರ್ಷಗಟ್ಟಲೆ ಬೇಕು, ಕೊನೆಗೆ ಆರಿಸಿ.