ಮೊದಲ ಸೈಕಲ್ ಈವೆಂಟ್ ಯಾವುದು? ನನ್ನ ಮತ 200 ಕಿ.ಮೀ. ಬಿಆರ್‌ಎಂಗೆ

ಬೆಳಿಗ್ಗೆ ಜೊತೆಗೆ ಸೈಕಲ್ ತುಳಿಯುವ ಗೆಳತಿಯರು ಕೇಳುತ್ತಲೇ ಇರುತ್ತಾರೆ, ಈವೆಂಟ್‌ಗೆ ಸೇರಬೇಕು, ಯಾವುದಕ್ಕೆ ಅಂತ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್, ನಂದಿ ಬೆಟ್ಟ ಹತ್ತುವ ರೇಸ್, ಕೊಟ್ಟ ಟೈಮ್ ಒಳಗೆ ದೂರ ಮುಗಿಸಿದರೆ ಸಾಕು ಅನ್ನುವ, ರೇಸ್ ಅಲ್ಲದ ಬಿಆರ್‌ಎಂ, ಮೂರನ್ನೂ ಮಾಡಿ ನೋಡಿದ್ದೇನೆ. ಶುರು ಮಾಡುವವರಿಗೆ 200 ಕಿ.ಮೀ. ಬಿಆರ್‌ಎಂನಷ್ಟು ಒಳ್ಳೆಯದು ಬೇರೆ ಇಲ್ಲ. ದೂರ ಕೇಳಿ ಹೆದರಬೇಡಿ.

ಇಲ್ಲಿ 13 ಗಂಟೆ 30 ನಿಮಿಷ ಟೈಮ್ ಕೊಡುತ್ತಾರೆ. ತಿಂಡಿ, ಊಟ, ಪಂಕ್ಚರ್ ಎಲ್ಲ ಸೇರಿಸಿ ಗಂಟೆಗೆ 15 ಕಿ.ಮೀ. ಸಾಗಿದರೆ ಸಾಕು. ಫಸ್ಟು, ಸೆಕೆಂಡು ಅಂತ ಯಾರನ್ನೂ ಕೂಗುವುದಿಲ್ಲ. ಏಳು ಗಂಟೆಯಲ್ಲಿ ಮುಗಿಸಿದವರೂ ಹದಿಮೂರು ಗಂಟೆ ಹಿಡಿದವರೂ ಒಂದೇ ಲೆಕ್ಕ. ನಿಯಮ ಪ್ಯಾರಿಸ್‌ನ ಆಡಾಕ್ಸ್ ಕ್ಲಬ್‌ನದು. ನಮ್ಮಲ್ಲಿ ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ಆಯಾ ಊರಿನ ಕ್ಲಬ್‌ಗಳು ನಡೆಸುತ್ತವೆ.

ನಾನು ಹೋದದ್ದು ಜನವರಿಯಲ್ಲಿ. ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು, ಸೀಬಿ ದಾಟಿ ವಾಪಸ್. ಹೊರಡುವಾಗ ಕೈಗೊಂದು ಬ್ರೆವೆ ಕಾರ್ಡ್ ಕೊಡುತ್ತಾರೆ. ಮಡಚುವ ದಪ್ಪ ಕಾಗದ. ಒಂದೊಂದು ಕಂಟ್ರೋಲ್‌ಗೂ, ಅಂದರೆ ದಾರಿಯಲ್ಲಿ ನಾವು ಬಂದದ್ದನ್ನು ದಾಖಲಿಸುವ ಜಾಗಕ್ಕೂ, ಒಂದೊಂದು ಚೌಕ, ಅದರೊಳಗೆ ಎಷ್ಟನೇ ಕಿಲೋಮೀಟರ್, ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಬರೆದಿರುತ್ತದೆ. 100ನೇ ಕಿಲೋಮೀಟರಿನದು 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ. ಬೆಳಿಗ್ಗೆ 6ಕ್ಕೆ ಹೊರಟರೆ ಮಧ್ಯಾಹ್ನ 12.40ರ ಒಳಗೆ ಅಲ್ಲಿರಬೇಕು. ಅಲ್ಲಿದ್ದ ಹುಡುಗ ಕೈ ಒರೆಸಿಕೊಂಡು ಟೈಮ್ ಬರೆದ, ಸೀಲ್ ಒತ್ತಿದ, ಇಂಕ್ ಒಣಗಲಿ ಅಂತ ಉಫ್ ಎಂದು ಊದಿ ಕಾರ್ಡ್ ಕೊಟ್ಟ. ಆ ಸೀಲ್ ನೋಡಿದ ಮೇಲೆ ಉಳಿದ ಅರ್ಧ ದಾರಿಗೆ ಎಂಥ ಹುರುಪು ಬಂತು ಗೊತ್ತಾ! ಬೆವರಿಗೆ ಕಾರ್ಡ್ ನೆನೆಯುತ್ತದೆ, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಕೆಲವು ಕಂಟ್ರೋಲ್‌ಗಳಲ್ಲಿ ಜನ ಇರುವುದಿಲ್ಲ. ಅಂಥ ಕಡೆ ಎಟಿಎಂ ಚೀಟಿಯನ್ನೋ ಅಂಗಡಿ ಬಿಲ್ಲನ್ನೋ ಸಾಕ್ಷಿಗೆ ಇಟ್ಟುಕೊಳ್ಳಬೇಕು.

ಹೋಗುವಾಗ ಸುಖ. ಕ್ಯಾತ್ಸಂದ್ರದಲ್ಲಿ ಸರ್ವಿಸ್ ರೋಡಿಗೆ ಇಳಿದು ಬಿಸಿ ತಟ್ಟೆ ಇಡ್ಲಿ ತಿಂದೇ ಮುಂದೆ ಹೋಗಿ. ಕಷ್ಟ ಇರುವುದು ವಾಪಸ್ ಬರುವಾಗ. ಬೆಂಗಳೂರು ತುಮಕೂರಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಕಾರಿನಲ್ಲಿ ಕೂತವರಿಗೆ ಈ ಏರು ಗೊತ್ತೇ ಆಗುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ಜೊತೆಗೆ ಚಳಿಗಾಲದ ಮೂಡಣ ಗಾಳಿ ಎದೆಗೇ ಹೊಡೆಯುತ್ತದೆ. ದಾಬಸ್‌ಪೇಟೆ ಹತ್ತಿರ ಬಲಕ್ಕೆ ಕಾಣುವ ಶಿವಗಂಗೆ ಬೆಟ್ಟ ಎಷ್ಟು ತುಳಿದರೂ ಹಿಂದೆ ಸರಿಯುವುದೇ ಇಲ್ಲ ಅನ್ನಿಸುತ್ತದೆ. ಇಂಥ ಹೊತ್ತಲ್ಲಿ ಗುಂಪು ಬೇಕು. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು, ಗಾಳಿಗೆ ಸರದಿ ಮೇಲೆ ಎದೆ ಕೊಟ್ಟು ಬಂದೆವು. ಹೆಸರೂ ಗೊತ್ತಿಲ್ಲದ ಜನ ಬಾಟಲಿಯ ಕೊನೆಯ ನೀರನ್ನೂ ಹಂಚಿಕೊಂಡರು. ಟೈಮ್ ಟ್ರಯಲ್‌ನಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಅಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋಗುವಂತಿಲ್ಲ.

ಒಂದು ವಿಷಯಕ್ಕೆ ನನಗೆ ನಿಜಕ್ಕೂ ಬೇಜಾರಾಯಿತು. ಕಂಟ್ರೋಲ್ ಇಟ್ಟ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಸ್ವಲ್ಪ ಮುಂದೆಯೇ ದೊಡ್ಡ ಪೆಟ್ರೋಲ್ ಬಂಕ್ ಇತ್ತು, ಟೇಬಲ್ ಅಲ್ಲೇ ಹಾಕಬಹುದಿತ್ತು. ಹೆಂಗಸರು ಕಡಿಮೆ ಬರುತ್ತಾರೆ ಅನ್ನುವ ಆಯೋಜಕರು ಮೊದಲು ಇದನ್ನು ಸರಿ ಮಾಡಬೇಕು. ಇದಕ್ಕಾಗಿಯೇ ಐದರಲ್ಲಿ ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೇನೆ.

ಹಿಂದೆ ಸಪೋರ್ಟ್ ಗಾಡಿ ಬರುವುದಿಲ್ಲ, ಅದು ಗೊತ್ತಿರಲಿ. ಎರಡು ಟ್ಯೂಬ್, ಪಂಪ್, ಟೈರ್ ಲಿವರ್ ನೀವೇ ಹೊರಬೇಕು. ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಕಲಿತು ಹೋಗಿ. ಹೆಲ್ಮೆಟ್ ಕಡ್ಡಾಯ. ಕತ್ತಲಾದ ಮೇಲೆ ಹಿಂದೆ, ಮುಂದೆ ಲೈಟು, ಮೈಮೇಲೆ ಹೊಳೆಯುವ ಜಾಕೆಟ್ ಇರಲೇಬೇಕು.

ನಂದಿ ರೇಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತುದಿ 1,478 ಮೀಟರ್. ಅಲ್ಲಿ ನಿಂತಾಗಿನ ಖುಷಿಯೇ ಬೇರೆ. ಆದರೆ ಮೊದಲ ಸಲವೇ ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದರೆ ಮನಸ್ಸು ಕುಗ್ಗುತ್ತದೆ ಅಲ್ವಾ? ಭಾನುವಾರ ಇಡೀ ದಿನ ಮನೆ ಬಿಟ್ಟಿರಲು ಆಗದವರಿಗೆ ಟೈಮ್ ಟ್ರಯಲ್ ವಾಸಿ, ಬೆಳಗಿನ ತಿಂಡಿ ಹೊತ್ತಿಗೆಲ್ಲ ಮುಗಿದಿರುತ್ತದೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಥರದ ಹಲವು ದಿನಗಳ ಸೈಕಲ್ ಪ್ರವಾಸಕ್ಕೆ ಸುಮಾರು ಒಂದು ವಾರ ರಜೆ ಬೇಕು, ಖರ್ಚೂ ಜಾಸ್ತಿ. ಅದು ಆಮೇಲೆ.

ಬಿಆರ್‌ಎಂಗೆ ದುಬಾರಿ ರೋಡ್ ಬೈಕ್ ಬೇಕಾಗಿಲ್ಲ. ನನ್ನದು 32 ಎಂಎಂ ಟೈರಿನ ಹೈಬ್ರಿಡ್. ಯಾವುದಾದರೂ ಭಾನುವಾರ ಆರಾಮಾಗಿ 100 ಕಿ.ಮೀ. ತುಳಿಯಲು ಆಗಿದ್ದರೆ ಹೆಸರು ಕೊಡಿ. ಹೊಸ ಸೀಸನ್ ನವೆಂಬರ್‌ನಲ್ಲಿ ಶುರುವಾಗುತ್ತದೆ. ಡಿಸೆಂಬರ್, ಜನವರಿಯದ್ದನ್ನೇ ಹಿಡಿಯಿರಿ. ಏಪ್ರಿಲ್ ಬಿಸಿಲಿನದ್ದು ಮೊದಲ ಸಲಕ್ಕೆ ಬೇಡ.